ಗಂಟಲಲ್ಲಿಟ್ಟ ತುಂಡು ಯಾರದು?

ಧ್ವನಿಪೆಟ್ಟಿಗೆಯೊಳಗಿನ ಎರಡು ತಂತುಗಳಲ್ಲಿ ಒಂದು ಸ್ವಾಧೀನ ತಪ್ಪಿದರೆ ಮಾತು ಉಸಿರಾಗಿ ಸೋರಿಹೋಗುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ನರಕ್ಕೆ ಪೆಟ್ಟು ಬಿದ್ದವರು, ಎದೆಯೊಳಗಿನ ಗಡ್ಡೆ ಅದೇ ನರವನ್ನು ಒತ್ತಿದವರು, ಕೆಲವೊಮ್ಮೆ ಕಾರಣವೇ ಗೊತ್ತಾಗದವರು ಈ ಸ್ಥಿತಿಗೆ ಬರುತ್ತಾರೆ. ಇದಕ್ಕೊಂದು ಪರಿಹಾರವನ್ನು ಜಪಾನಿನ ಕ್ಯೋಟೋದ ನೊಬುಹಿಕೊ ಇಶ್ಶಿಕಿ 1974ರಲ್ಲಿ ವ್ಯವಸ್ಥಿತವಾಗಿ ವಿವರಿಸಿದರು. ಕುತ್ತಿಗೆಯ ಮುಂದಿನ ಮೃದ್ವಸ್ಥಿಯಲ್ಲಿ ಪುಟ್ಟ ಕಿಟಕಿ ಕೊರೆದು, ಅದರೊಳಗೆ ಬೆಣೆಯಾಕಾರದ ಸಿಲಿಕೋನ್ ತುಂಡನ್ನಿಟ್ಟು, ಅಲುಗದ ತಂತುವನ್ನು ನಡುವಿಗೆ ಸರಿಸುವುದು ಆ ವಿಧಾನ. ಅಲುಗುವ ತಂತು ತಾನಾಗಿ ಬಂದು ಅದಕ್ಕೆ ತಾಗುತ್ತದೆ, ದನಿ ಹುಟ್ಟುತ್ತದೆ. ಎಲ್ಲರ ಪಾಲಿಗೂ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ತುಂಡು ಚಿಕ್ಕದಾಯಿತು, ದೊಡ್ಡದಾಯಿತು, ತೀರ ಮುಂದೆ ಕೂತಿತು, ಜಾರಿತು, ಉಸಿರಿನ ದಾರಿಗೆ ಚಾಚಿತು, ಅಥವಾ ಸತ್ತಿತೆಂದುಕೊಂಡಿದ್ದ ನರ ಮತ್ತೆ ಚಿಗುರಿತು ಎಂದಾದರೆ ಕುತ್ತಿಗೆಯನ್ನು ಮತ್ತೆ ತೆರೆದು ಅದನ್ನು ಬದಲಿಸಬೇಕು, ಇಲ್ಲವೇ ತೆಗೆದುಹಾಕಬೇಕು. ಆಸ್ಪತ್ರೆಯ ಕಡತದಲ್ಲಿ ಇದು ಮರುಶಸ್ತ್ರಚಿಕಿತ್ಸೆ, ಅಷ್ಟೆ. ತುಂಡನ್ನು ಹೊತ್ತವರ ಮನಸ್ಸಿನಲ್ಲಿ ಮಾತ್ರ ಬಹಳ ಹಳೆಯ ಪ್ರಶ್ನೆಯೊಂದು ಏಳುತ್ತದೆ. ಕಾಯಿಲೆಗೆ ಮುಂಚಿನ ದನಿ, ನಡುವೆ ಬಂದ ಉಸಿರುದನಿ, ತುಂಡು ತಂದುಕೊಟ್ಟ ದನಿ, ಇವುಗಳಲ್ಲಿ ನನ್ನದು ಯಾವುದು? ತೆಗೆದಾಗ ಹೋಗುವುದು ಹೊರಗಿನ ವಸ್ತುವೋ, ನನ್ನದೇ ಅಂಗವೋ? ಅದು ನಾನೋ ಅನ್ಯವೋ ಎಂಬ ಈ ವಾದದಿಂದ ತೆಗೆಯುವ ಉಳಿಸುವ ತೀರ್ಮಾನವನ್ನು ಎಂದಿಗೂ ಮಾಡಲಾಗದು ಎಂಬುದು ನನ್ನ ನಿಲುವು. ದನಿಯ ಒಡೆತನ ಇರುವುದು ವಸ್ತುವಿನಲ್ಲಲ್ಲ.

ಮೊದಲು ಗಂಟಲಿನಲ್ಲಿ ನಡೆಯುವುದೇನೆಂದು ನೋಡಬೇಕು. ಧ್ವನಿತಂತುಗಳೆಂದರೆ ಒಂದೆರಡು ಸೆಂಟಿಮೀಟರ್ ಉದ್ದದ ಎರಡು ಮಡಿಕೆಗಳು. ಉಸಿರಾಡುವಾಗ ಅವು ಅಗಲುತ್ತವೆ, ಮಾತಾಡುವಾಗ ಕೂಡುತ್ತವೆ. ಕೂಡಿದ ಮಡಿಕೆಗಳ ನಡುವೆ ಶ್ವಾಸಕೋಶದ ಗಾಳಿ ನುಗ್ಗಿದಾಗ ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ವೇದದ ಉಚ್ಚಾರಣೆಯನ್ನು ಕಾಯಲು ಹುಟ್ಟಿದ ಋಕ್ ಪ್ರಾತಿಶಾಖ್ಯವು ಗಂಟಲೊಳಗೆ ಇಣುಕುವ ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ಇದರ ತಿರುಳನ್ನು ಹಿಡಿದಿತ್ತು. ಕಂಠದ ರಂಧ್ರ ತೆರೆದಿದ್ದರೆ ಗಾಳಿ ಶ್ವಾಸವಾಗುತ್ತದೆ, ಮುಚ್ಚಿದ್ದರೆ ನಾದವಾಗುತ್ತದೆ, ಎರಡೂ ನಡೆಯುವುದು ನುಡಿಯುವವನ ಪ್ರಯತ್ನದ ಮೇರೆಗೆ ಎಂದು ಅದು ಹೇಳುತ್ತದೆ. ಒಂದು ತಂತು ನಿಂತುಹೋದವರ ದನಿಯನ್ನು ಇದಕ್ಕಿಂತ ಚೊಕ್ಕವಾಗಿ ವಿವರಿಸುವುದು ಕಷ್ಟ: ನಾದವಾಗಬೇಕಾದದ್ದು ಶ್ವಾಸವಾಗಿಯೇ ಉಳಿದುಬಿಡುತ್ತದೆ. ನಮ್ಮ ಕೇಶಿರಾಜನೂ 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆಯುವಾಗ ವ್ಯಾಕರಣಕ್ಕೆ ಕೈಹಾಕುವ ಮುನ್ನ ಶಬ್ದದ ಹುಟ್ಟನ್ನು ಹೇಳುತ್ತಾನೆ. ಜೀವನಿಗೆ ನುಡಿಯುವ ಇಷ್ಟವಿರಬೇಕು, ಗಾಳಿ ಅನುಕೂಲವಾಗಿರಬೇಕು, ಆಗ ನಾಭಿಯ ಬುಡದಿಂದ ಕಹಳೆಯ ರೀತಿಯಲ್ಲಿ ಶಬ್ದವೆಂಬ ದ್ರವ್ಯ ಹೊರಡುತ್ತದೆ. ಆ ದ್ರವ್ಯದ ಬಣ್ಣ ಬಿಳಿ ಎನ್ನುವವರೆಗೂ ಆತ ಹೋಗುತ್ತಾನೆ. ನಾಭಿ, ಬಿಳಿ ಬಣ್ಣ ಇವನ್ನು ಇಂದಿನ ಶರೀರಶಾಸ್ತ್ರ ಒಪ್ಪದಿರಬಹುದು. ಇಷ್ಟ, ಗಾಳಿ, ಕಿರಿದಾದ ದಾರಿ ಎಂಬ ಮೂರನ್ನು ಬೇರೆಬೇರೆಯಾಗಿ ಕಂಡದ್ದು ಮಾತ್ರ ಗಟ್ಟಿ ಮಾತು. ಸಿಲಿಕೋನ್ ತುಂಡು ಕೈಹಾಕುವುದು ಮೂರನೆಯದಕ್ಕೆ, ಅದರಲ್ಲೂ ಒಂದು ಬದಿಗೆ.

ಮೊದಲನೆಯದು, ಅಂದರೆ ಇಷ್ಟ, ಕಾಯಿಲೆಯಲ್ಲೂ ಕೆಡದೆ ಉಳಿದಿರುತ್ತದೆ ಎಂಬುದಕ್ಕೆ ಎರಡನೆಯ ಶತಮಾನದ ರೋಮಿನಲ್ಲೇ ಸಾಕ್ಷ್ಯ ಸಿಕ್ಕಿತ್ತು. ವೈದ್ಯ ಗೇಲನ್ ಕಿರುಚುತ್ತಿದ್ದ ಹಂದಿಯೊಂದರ ಧ್ವನಿಪೆಟ್ಟಿಗೆಯ ನರಗಳನ್ನು ಸಭೆಯೆದುರು ಕತ್ತರಿಸಿ ತೋರಿಸಿದ. ಹಂದಿ ಒದ್ದಾಡುತ್ತಲೇ ಇತ್ತು, ಕೂಗು ಮಾತ್ರ ನಿಂತಿತು. (ಕ್ರೂರ ಪ್ರದರ್ಶನವೇ ಸರಿ, ಆದರೆ ಅದರಿಂದ ಹೊರಟ ವಾದ ದೊಡ್ಡದು.) ದನಿ ಎದೆಯಿಂದ ಹೊರಡುವುದರಿಂದ ವಿವೇಕದ ನೆಲೆಯೂ ಹೃದಯವೇ ಎಂದು ವಾದಿಸುತ್ತಿದ್ದ ಸ್ಟೋಯಿಕ್ ಚಿಂತಕರಿಗೆ ಗೇಲನ್ ಕೊಟ್ಟ ಉತ್ತರ ಅದು. ಅಪ್ಪಣೆ ಹೊರಡುವುದು ಮಿದುಳಿನಿಂದ, ನರ ಅದರ ದೂತ. ಆ ದೂತನ ದಾರಿಯೂ ವಿಚಿತ್ರ. ಎಡಬದಿಯ ನರ ಗಂಟಲನ್ನು ದಾಟಿ ಎದೆಗಿಳಿದು, ಹೃದಯದಿಂದ ಹೊರಡುವ ಮಹಾಪಧಮನಿಯ ಕಮಾನನ್ನು ಬಳಸಿ, ಮತ್ತೆ ಮೇಲೇರಿ ಧ್ವನಿಪೆಟ್ಟಿಗೆಯನ್ನು ಸೇರುತ್ತದೆ. ಎದೆಯ ಶಸ್ತ್ರಚಿಕಿತ್ಸೆಯ ನಂತರ ದನಿ ಹೋಗುವುದಕ್ಕೆ ಈ ಸುತ್ತುದಾರಿಯೇ ಕಾರಣ. ನರ ಎಲ್ಲಿ ತುಂಡಾದರೂ ನುಡಿಯಬೇಕೆಂಬ ಬಯಕೆ ಅಪ್ಪಣೆ ಕಳಿಸುತ್ತಲೇ ಇರುತ್ತದೆ. ಹಾಗಾಗಿ ಉಸಿರುದನಿಯಲ್ಲಿ ನುಡಿಯುವವನು ಅರ್ಧ ಮನುಷ್ಯನಲ್ಲ, ತುಂಡು ಇಡಿಸಿಕೊಂಡವನು ಹೊಸ ಮನುಷ್ಯನೂ ಅಲ್ಲ.

ಇಲ್ಲಿ ಕೇಶಿರಾಜನ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು. ಆತ ಜೈನ, ಜೈನರ ಮತದಲ್ಲಿ ಶಬ್ದ ಪುದ್ಗಲ, ಅಂದರೆ ಜಡದ್ರವ್ಯ. ದನಿಯೇ ವಸ್ತುವಾದ ಮೇಲೆ ವಸ್ತು ಬದಲಾದಾಗ ದನಿಯೂ ಬದಲಾಗಲೇಬೇಕಲ್ಲವೇ? ಮಗುವಿನ ಅಳುವನ್ನು ತಾಯಿ ಗುರುತಿಸುವುದು ಅದರ ಇಷ್ಟವನ್ನು ಕೇಳಿ ಅಲ್ಲ, ಆ ಗಂಟಲಿನ ಗುಣವನ್ನು ಕೇಳಿ. ಈ ಆಕ್ಷೇಪದಲ್ಲಿ ಹುರುಳಿದೆ. ಶಬ್ದ ಆಕಾಶದ ಗುಣ ಎನ್ನುವ ನೈಯಾಯಿಕರನ್ನೂ, ವರ್ಣಗಳು ನಿತ್ಯ, ಗಂಟಲು ಅವನ್ನು ಪ್ರಕಟಿಸುತ್ತದೆ ಅಷ್ಟೆ ಎನ್ನುವ ಮೀಮಾಂಸಕರನ್ನೂ ಮುಂದೆ ತಂದು ಇದರಿಂದ ಜಾರಿಕೊಳ್ಳಲು ನನಗೆ ಇಷ್ಟವಿಲ್ಲ. ಶಬ್ದ ಜಡದ್ರವ್ಯವೆಂದೇ ಇಟ್ಟುಕೊಳ್ಳೋಣ. ಆಗಲೂ ಆ ದ್ರವ್ಯಕ್ಕೆ ಒಬ್ಬನ ಗುರುತನ್ನು ಒತ್ತುವುದು ಯಾವುದು? ಸ್ವೀಡನ್ನಿನ ಗುನ್ನಾರ್ ಫಾಂಟ್ 1960ರಲ್ಲಿ ವಿವರವಾಗಿ ತೋರಿಸಿದಂತೆ ತಂತುಗಳು ಕೊಡುವುದು ಕಚ್ಚಾ ನಾದ ಮಾತ್ರ. ಅದಕ್ಕೆ ಅ, ಇ, ಉ ಎಂಬ ರೂಪವನ್ನೂ ಈತನದೆಂಬ ಬಣ್ಣವನ್ನೂ ಬಹುಪಾಲು ಕೊಡುವುದು ಗಂಟಲಿನ ಮೇಲ್ಭಾಗ, ಬಾಯಿ, ಮೂಗುಗಳ ಪೊಳ್ಳು. ಅದರ ಮೇಲೆ ನಾಲಗೆಯ ಅಭ್ಯಾಸ, ಎಲ್ಲಿ ತಡೆದು ಎಲ್ಲಿ ಓಡಬೇಕೆಂಬ ಲಯ, ಊರಿನ ಎಳೆತ. ಪಿಸುಮಾತಿನಲ್ಲಿ ತಂತುಗಳು ಕಂಪಿಸುವುದೇ ಇಲ್ಲ. ಆದರೂ ಧಾರವಾಡದವರ ಪಿಸುಮಾತು ಧಾರವಾಡದ್ದೇ, ಮಂಗಳೂರಿನವರದು ಮಂಗಳೂರಿನದ್ದೇ. ಸಿಲಿಕೋನ್ ತುಂಡು ಇವುಗಳಲ್ಲಿ ಒಂದನ್ನೂ ಮುಟ್ಟುವುದಿಲ್ಲ. ಗಂಟಲಿನ ಗುಣವೆಂದು ನಾವು ಕರೆಯುವುದರ ದೊಡ್ಡ ಪಾಲು ಆ ಗಂಟಲನ್ನು ಬಳಸಿದ ರೀತಿ.

ಇನ್ನು ತುಂಡು ಅನ್ಯವಸ್ತು, ಆದ್ದರಿಂದ ತೊಂದರೆ ಕೊಟ್ಟಾಗ ಅದನ್ನು ಹೊರಹಾಕುವುದೇ ಧರ್ಮ ಎಂಬ ವಾದ. ಇದರ ಹಿಂದೆ ಶರೀರವೇ ತನ್ನದಲ್ಲದ್ದನ್ನು ಗುರುತಿಸಿ ತಿರಸ್ಕರಿಸುತ್ತದೆ ಎಂಬ ನಂಬಿಕೆಯಿದೆ. ಈ ಚಿಕಿತ್ಸೆಯ ನೂರು ವರ್ಷಗಳ ಇತಿಹಾಸವನ್ನು ನೋಡಿದರೆ ನಂಬಿಕೆ ಅಲ್ಲಾಡುತ್ತದೆ. ಜರ್ಮನಿಯ ವಿಲ್ಹೆಲ್ಮ್ ಬ್ರೂನಿಂಗ್ಸ್ 1911ರಲ್ಲಿ ನಿಂತುಹೋದ ತಂತುವಿಗೆ ಪ್ಯಾರಾಫಿನ್ ಚುಚ್ಚಿದರು. ಪ್ಯಾರಾಫಿನ್ ಸುತ್ತ ಗಂಟು ಕಟ್ಟಿದ್ದರಿಂದ ಆ ಕ್ರಮವನ್ನು ಕೈಬಿಡಬೇಕಾಯಿತು. 1962ರಲ್ಲಿ ಗಾಡ್‌ಫ್ರೀ ಆರ್ನಾಲ್ಡ್ ಟೆಫ್ಲಾನ್ ತಂದರು. ದನಿ ಕೂಡಲೇ ಮರಳುತ್ತಿತ್ತು, ಬಹಳ ಜನ ಸಂತೋಷಪಟ್ಟರು. ವರ್ಷಗಳು ಕಳೆದ ಮೇಲೆ ಕೆಲವರ ತಂತುವಿನೊಳಗೆ ಟೆಫ್ಲಾನ್ ಕಣಗಳ ಸುತ್ತ ಉರಿಯೂತದ ಗಂಟು ಬೆಳೆದು ದನಿ ಒರಟಾಯಿತು, ಉಸಿರಿನ ದಾರಿ ಕಿರಿದಾಯಿತು. ಕಣಗಳು ಮಾಂಸದೊಡನೆ ಬೆರೆತಿದ್ದರಿಂದ ಟೆಫ್ಲಾನನ್ನು ತೆಗೆಯಹೊರಟರೆ ತಂತುವನ್ನೂ ತೆಗೆಯಬೇಕಾಗುತ್ತಿತ್ತು. ಇಷ್ಟರವರೆಗೆ ಶರೀರ ಅನ್ಯವನ್ನು ಒಲ್ಲದು ಎಂಬ ಮಾತಿಗೇ ಬೆಂಬಲ. ಆದರೆ ಇದೇ ತಂತುವಿಗೆ ರೋಗಿಯದೇ ಹೊಟ್ಟೆಯ ಕೊಬ್ಬನ್ನು ತೆಗೆದು ಚುಚ್ಚುವುದೂ ಉಂಟು. ಆ ಸ್ವಂತ ಕೊಬ್ಬಿನಲ್ಲಿ ಎಷ್ಟೋ ಪಾಲನ್ನು ಶರೀರ ತಿಂಗಳುಗಳಲ್ಲಿ ಕರಗಿಸಿಬಿಡುತ್ತದೆ, ಎಷ್ಟು ಉಳಿದೀತೆಂದು ಮೊದಲೇ ಹೇಳಲಾಗದು. ಕಾರ್ಖಾನೆಯಲ್ಲಿ ಹುಟ್ಟಿದ ಸಿಲಿಕೋನ್ ಮಾತ್ರ ಹೆಚ್ಚಿನವರಲ್ಲಿ ವರ್ಷಗಟ್ಟಲೆ ತೆಪ್ಪಗೆ ಕೂತಿರುತ್ತದೆ. ಸ್ವಂತದ್ದು ಹೋಗುತ್ತದೆ, ಪರದ್ದು ಉಳಿಯುತ್ತದೆ. ಶರೀರದ ಒಪ್ಪಿಗೆ ನಿರಾಕರಣೆಗಳು ಸ್ವಂತ, ಅನ್ಯ ಎಂಬ ನಮ್ಮ ಗೆರೆಯನ್ನು ಅನುಸರಿಸುವುದಿಲ್ಲ. ವಸ್ತುವಿನ ಮೈ ಎಂಥದ್ದು, ಕಣ ಎಷ್ಟು ದೊಡ್ಡದು, ಯಾವ ಪದರದಲ್ಲಿ ಕೂತಿದೆ ಎಂಬುದನ್ನು ಅನುಸರಿಸುತ್ತವೆ. ಅದು ರಸಾಯನಶಾಸ್ತ್ರ, ತೀರ್ಪಲ್ಲ. ಹಸುವಿನ ಚರ್ಮದ ಕೊಲಾಜೆನ್ನನ್ನೂ ಈ ಕೆಲಸಕ್ಕೆ ಬಳಸಿದ್ದಾರೆ. ಅದನ್ನು ಮೈಯೊಳಗೆ ಇಟ್ಟುಕೊಳ್ಳಲಾರೆ ಎನ್ನುವ ಭಕ್ತನಿಗೆ ಹಾಗೆನ್ನುವ ಹಕ್ಕಿದೆ, ಇಡುವ ಮೊದಲೇ ವೈದ್ಯರು ಅವನಿಗೆ ತಿಳಿಸಲೂಬೇಕು. ಆದರೆ ಆ ಆಕ್ಷೇಪ ಪಶುವಿನ ಬಗೆಗಿನ ಅವನ ವ್ರತಕ್ಕೆ ಸೇರಿದ್ದು, ದನಿ ಯಾರದೆಂಬ ಪ್ರಶ್ನೆಗೆ ಸೇರಿದ್ದಲ್ಲ.

ಎದುರು ವಾದ ಇನ್ನೂ ಆಕರ್ಷಕ: ಒಳಗೆ ಹೋದದ್ದು ನಾನೇ ಆಗಿಬಿಡುತ್ತದೆ. ನಾಗಾರ್ಜುನನದೆಂದು ಹೇಳಲಾಗುವ, ಐದನೆಯ ಶತಮಾನದ ಆರಂಭದಲ್ಲಿ ಕುಮಾರಜೀವ ಚೀನೀ ಭಾಷೆಗೆ ತಂದ ಬೌದ್ಧರ ಪ್ರಜ್ಞಾಪಾರಮಿತೆ ಸೂತ್ರದ ಒಂದು ದೊಡ್ಡ ವ್ಯಾಖ್ಯಾನದಲ್ಲಿ ಒಂದು ಕಥೆಯಿದೆ. ಪಾಳುಮನೆಯಲ್ಲಿ ರಾತ್ರಿ ತಂಗಿದ ಪ್ರಯಾಣಿಕನ ಕೈಯನ್ನು ಒಂದು ಪಿಶಾಚಿ ಕಿತ್ತರೆ ಇನ್ನೊಂದು ಪಿಶಾಚಿ ಅಲ್ಲಿದ್ದ ಹೆಣದ ಕೈಯನ್ನು ಅವನಿಗೆ ಅಂಟಿಸುತ್ತದೆ. ಹೀಗೇ ಅಂಗಾಂಗವೆಲ್ಲ ಬದಲಾಗಿ, ಬೆಳಗಾದಾಗ ಅವನು ಭಿಕ್ಷುಗಳ ಬಳಿ ಹೋಗಿ ನನಗೆ ಮೈ ಇದೆಯೋ ಇಲ್ಲವೋ ಎಂದು ಕೇಳುತ್ತಾನೆ. ಕಥೆ ಅತಿರೇಕವೆನಿಸಿದರೆ, ಶವದ ಚರ್ಮವನ್ನು ಜೀವಕೋಶಗಳಿಂದ ಬಿಡಿಸಿ ಪುಡಿಮಾಡಿ ಧ್ವನಿತಂತುವಿಗೆ ಚುಚ್ಚುವ ಕ್ರಮವೊಂದು ನಮ್ಮ ಕಾಲದಲ್ಲೇ ಬಳಕೆಗೆ ಬಂದಿದೆ ಎಂಬುದನ್ನು ನೆನೆಯಬಹುದು. ಭಿಕ್ಷುಗಳು ಆ ಪ್ರಯಾಣಿಕನಿಗೆ ಹೊಸ ಕೈ ನಿನ್ನದು ಎಂದು ಸಮಾಧಾನ ಹೇಳಲಿಲ್ಲ, ಹಳೆಯ ಕೈ ಮಾತ್ರ ನಿನ್ನದು ಎಂದೂ ಹೇಳಲಿಲ್ಲ. ಮೊದಲಿನ ಮೈಯೂ ಮಹಾಭೂತಗಳ ಕೂಟವೇ ಆಗಿತ್ತು, ಅದರಲ್ಲಿ ‘ನಾನು’ ಎಂಬುದು ಎಂದೂ ಇರಲಿಲ್ಲ ಎಂಬ ಅರಿವಿಗೆ ಅವನನ್ನು ಒಯ್ದರು. ಅನಾತ್ಮವಾದವನ್ನು ಪೂರ್ತಿ ಒಪ್ಪದವರಿಗೂ ಇದರಲ್ಲಿ ದಕ್ಕುವ ಸತ್ಯವಿದೆ. ಹುಟ್ಟಿನಿಂದ ಬಂದ ತಂತು ಯಾವ ಅರ್ಥದಲ್ಲಿ ‘ನಾನು’ ಅಲ್ಲವೋ ಅದೇ ಅರ್ಥದಲ್ಲಿ ಸಿಲಿಕೋನೂ ಅಲ್ಲ. ಶಸ್ತ್ರಚಿಕಿತ್ಸಕರು ತುಂಡು ತೆಗೆಯಲು ಹೋದಾಗ ಕಾಣುವುದೂ ಇದನ್ನೇ ಪುಷ್ಟಿಗೊಳಿಸುತ್ತದೆ. ಸಿಲಿಕೋನ್ ಸುತ್ತ ಶರೀರ ತನ್ನದೇ ನಾರಿನ ಪೊರೆಯೊಂದನ್ನು ಹೆಣೆದಿರುತ್ತದೆ. ತುಂಡನ್ನು ತೆಗೆದ ಮೇಲೂ ಆ ಪೊರೆ, ಆ ಗಾಯದ ಗಟ್ಟಿತನ ಕೆಲವರಲ್ಲಿ ತಂತುವನ್ನು ನಡುವಿನಲ್ಲೇ ಹಿಡಿದಿಟ್ಟು, ದನಿ ಮೊದಲಿನಷ್ಟು ಕುಸಿಯುವುದಿಲ್ಲ. ಅಂಥವರಲ್ಲಿ ಉಳಿದ ದನಿ ಸಿಲಿಕೋನಿನದೋ, ಶರೀರದ್ದೋ? ಗೆರೆ ಎಳೆಯಹೊರಟವರು ಇಲ್ಲಿ ಕೈಚೆಲ್ಲಬೇಕು.

ಒಡೆತನ ಬಳಕೆಯಿಂದ ಬರುತ್ತದೆ ಎಂದಮೇಲೆ ಹತ್ತು ವರ್ಷ ಬಳಸಿದ ತುಂಡನ್ನು ತೆಗೆಯುವುದು ಅಂಗಚ್ಛೇದವೇ ಆಯಿತಲ್ಲ ಎಂದು ಯಾರಾದರೂ ನನ್ನ ಮಾತನ್ನೇ ನನಗೆ ತಿರುಗಿಸಬಹುದು. ಆಸ್ಟ್ರೇಲಿಯಾದಲ್ಲಿ 2010ರ ದಶಕದ ಆರಂಭದಲ್ಲಿ, ಮೂರ್ಛೆ ಬರುವುದನ್ನು ಮುಂಚೆಯೇ ಸೂಚಿಸುವ ಉಪಕರಣವನ್ನು ಕೆಲವರ ಮಿದುಳಿನ ಮೇಲೆ ಇರಿಸಿ ಪ್ರಯೋಗ ನಡೆಯಿತು. ತಯಾರಿಸಿದ ಕಂಪನಿ ಹಣವಿಲ್ಲದೆ ಮುಚ್ಚಿದಾಗ ಅದನ್ನು ತೆಗೆಸಬೇಕಾಗಿ ಬಂದ ಒಬ್ಬ ಮಹಿಳೆ ತನ್ನದೇ ಭಾಗವೊಂದು ಹೋದಂತೆ ದುಃಖಿಸಿದರು. ಆ ದುಃಖವನ್ನು ಭ್ರಮೆ ಎನ್ನುವುದು ಹೃದಯಹೀನತೆ. ಆದರೂ ಎರಡನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ಆ ಉಪಕರಣ ಅವರಿಗೆ ಸುದ್ದಿ ಹೇಳುತ್ತಿತ್ತು, ಅವರ ತೀರ್ಮಾನಗಳಲ್ಲಿ ಪಾಲು ಪಡೆಯುತ್ತಿತ್ತು. ಸಿಲಿಕೋನ್ ತುಂಡು ಏನನ್ನೂ ಅರಿಯದು, ಸಲಹೆ ಕೊಡದು, ಅಲುಗುವುದೂ ಇಲ್ಲ. ಬಸವಣ್ಣನವರು ಕಲಿಸಿದ ಸ್ಥಾವರ, ಜಂಗಮಗಳ ವಿವೇಕವನ್ನು ಗಂಟಲಿಗೆ ತಂದರೆ ತುಂಡು ಸ್ಥಾವರ, ಅದಕ್ಕೆ ತಾಗಲು ಪ್ರತಿ ಸಲ ನಡೆದುಬರುವ ಎದುರು ತಂತು ಮತ್ತು ಅದನ್ನು ನಡೆಸುವ ಬಯಕೆ ಜಂಗಮ. ಬಳಕೆಯಿಂದ ದಕ್ಕಿದ ಒಡೆತನ ಬಳಸುವವನಲ್ಲಿರುತ್ತದೆಯೇ ಹೊರತು ಬಳಸಿದ ವಸ್ತುವಿಗೆ ಅಂಟಿಕೊಳ್ಳುವುದಿಲ್ಲ. ಹಾಗಾಗಿ ತುಂಡು ತೆಗೆಸಿಕೊಂಡವರಿಗೆ ನಷ್ಟವಾಗಬಹುದು, ಅವರ ದನಿಯ ಒಡೆತನಕ್ಕೆ ಚ್ಯುತಿ ಬರುವುದಿಲ್ಲ.

ಒಡೆಯನ ಮಾತಿಗೆ ಎಷ್ಟು ಬೆಲೆ ಎಂಬುದನ್ನು ವೈದ್ಯಕೀಯ ನಿಧಾನವಾಗಿ ಕಲಿಯಿತು. ಕೇಳುವ ತಜ್ಞರು ದನಿಯ ಒರಟುತನ, ಉಸಿರು ಸೋರುವಿಕೆ, ನಿಶ್ಶಕ್ತಿ, ಬಿಗಿತಗಳಿಗೆ ಅಂಕ ಹಾಕುವ ಕ್ರಮ ಜಪಾನಿನಿಂದ ಬಂತು. ದನಿಯ ತೊಂದರೆ ನಿಮ್ಮ ಬದುಕನ್ನು ಎಷ್ಟು ಕುಗ್ಗಿಸಿದೆ ಎಂದು ರೋಗಿಯನ್ನೇ 30 ಪ್ರಶ್ನೆಗಳ ಮೂಲಕ ಕೇಳುವ ಪಟ್ಟಿ ಅಮೆರಿಕದಲ್ಲಿ ಸಿದ್ಧವಾದದ್ದು 1997ರಲ್ಲಿ. ಎರಡರ ಉತ್ತರ ಯಾವಾಗಲೂ ಹೊಂದುವುದಿಲ್ಲ. ತಜ್ಞರ ಕಿವಿಗೆ ಚೆನ್ನಾಗಿರುವ ದನಿ ಅದರ ಒಡೆಯನಿಗೆ ಬಿಗಿಯಾಗಿ, ದಣಿವಾಗಿ, ಬೇರೆಯವರದಾಗಿ ತೋರಬಹುದು. ತುಂಡನ್ನು ತೀರ ಮುಂದಕ್ಕೆ ಇಟ್ಟಾಗ ಹಿಂಡಿದಂಥ ದನಿ ಬರುವುದು ಗೊತ್ತಿರುವ ಸಂಗತಿ. ಇಶ್ಶಿಕಿಯ ವಿಧಾನದಲ್ಲಿ ರೋಗಿಯನ್ನು ಪೂರ್ತಿ ಮಲಗಿಸದೆ, ಸ್ಥಳೀಯ ಅರಿವಳಿಕೆ ಕೊಟ್ಟು, ಕತ್ತಿ ಆಡುತ್ತಿರುವಾಗಲೇ ಮಾತಾಡಿಸಿ ಕೇಳುತ್ತ ತುಂಡನ್ನು ಹೊಂದಿಸುವುದಕ್ಕೆ ಇದೇ ಕಾರಣ. ಹಾಗೆಂದು ‘ನನ್ನ ಹಳೆಯ ದನಿ ಬರಲಿಲ್ಲ’ ಎಂಬುದೊಂದೇ ಮತ್ತೆ ಕತ್ತಿಯಾಡಿಸಲು ಸಾಕಾಗದು. ಹದಿಹರೆಯದಲ್ಲಿ ಒಡೆದದ್ದು, ಮುಪ್ಪಿನಲ್ಲಿ ನಡುಗುವುದು ಎಲ್ಲವೂ ಒಬ್ಬನದೇ ದನಿ. ಕಾಯಿಲೆಗೆ ಹಿಂದಿನ ದಿನದ ದನಿಯನ್ನು ಮಾತ್ರ ನಿಜವೆಂದು ಪ್ರತಿಷ್ಠಾಪಿಸಿ ಪೂಜಿಸಿದರೆ ಅದು ನೆನಪಿನ ಮೂರ್ತಿಪೂಜೆ. ಈ ದನಿಯಲ್ಲಿ ನನ್ನ ಇಷ್ಟ ಅಡೆತಡೆಯಿಲ್ಲದೆ ಹೊರಬರುತ್ತಿದೆಯೇ ಎಂಬುದು ಕೇಳಬೇಕಾದ ಪ್ರಶ್ನೆ.

ಇದಕ್ಕೂ ಮೇಲಿನ ಒಂದು ಪ್ರಶ್ನೆಯಿದೆ, ಅದು ಉಸಿರಿನದು. ಧ್ವನಿತಂತುಗಳು ಮೊದಲಿಗೆ ಇರುವುದು ಮಾತಿಗಲ್ಲ. ಅನ್ನ ನೀರು ಶ್ವಾಸನಾಳಕ್ಕೆ ಬೀಳದಂತೆ ಕಾಯುವುದು, ಗಾಳಿಗೆ ದಾರಿ ಬಿಡುವುದು ಅವುಗಳ ಮೂಲ ಕೆಲಸ, ದನಿ ಆ ಮೇಲಿನದು. ನಿಂತುಹೋದ ತಂತುವನ್ನು ನಡುವಿಗೆ ತಳ್ಳಿದಷ್ಟೂ ನಾದಕ್ಕೆ ಒಳ್ಳೆಯದು, ಹೆಚ್ಚು ತಳ್ಳಿದರೆ ಉಸಿರಿಗೆ ಕೆಟ್ಟದ್ದು. ಕೌಷೀತಕಿ ಉಪನಿಷತ್ತು ಇದನ್ನು ಯಜ್ಞವನ್ನಾಗಿ ಕಂಡಿತು. ನುಡಿಯುತ್ತಿರುವವರೆಗೆ ಮನುಷ್ಯ ಉಸಿರೆಳೆಯಲಾರ, ಆಗ ಉಸಿರನ್ನು ಮಾತಿಗೆ ಆಹುತಿ ಕೊಡುತ್ತಾನೆ. ಉಸಿರೆಳೆಯುವಾಗ ನುಡಿಯಲಾರ, ಆಗ ಮಾತನ್ನು ಉಸಿರಿಗೆ ಆಹುತಿ ಕೊಡುತ್ತಾನೆ. ಎಚ್ಚರದಲ್ಲೂ ನಿದ್ದೆಯಲ್ಲೂ ಈ ಒಳಗಿನ ಅಗ್ನಿಹೋತ್ರ ನಿಲ್ಲದೆ ನಡೆಯುತ್ತದೆ. ಛಾಂದೋಗ್ಯದಲ್ಲಿ ಇಂದ್ರಿಯಗಳು ತಮ್ಮಲ್ಲಿ ದೊಡ್ಡವರು ಯಾರೆಂದು ಜಗಳವಾಡಿದಾಗ ಮೊದಲು ಮೈಬಿಟ್ಟು ಹೊರಟದ್ದು ವಾಕ್ಕು. ಒಂದು ವರ್ಷದ ಮೇಲೆ ಮರಳಿ, ನಾನಿಲ್ಲದೆ ಹೇಗೆ ಬದುಕಿದಿರಿ ಎಂದು ಕೇಳಿದರೆ, ಮೂಕರು ಬದುಕುವ ಹಾಗೆ ಎಂಬ ಉತ್ತರ ಸಿಕ್ಕಿತು. ಪ್ರಾಣ ಹೊರಡಲು ಅನುವಾದಾಗ ಮಾತ್ರ ಉಳಿದವೆಲ್ಲ ಬುಡಸಹಿತ ಕಿತ್ತುಬರತೊಡಗಿದವು. ಎಷ್ಟೇ ಸೊಗಸಾದ ದನಿ ಕೊಟ್ಟಿರಲಿ, ಮೆಟ್ಟಿಲೇರುವಾಗ ಉಸಿರು ಕಟ್ಟಿಸುವ ತುಂಡನ್ನು ಚಿಕ್ಕದು ಮಾಡಬೇಕು ಇಲ್ಲವೇ ತೆಗೆಯಬೇಕು ಎನ್ನಲು ಇದಕ್ಕಿಂತ ಹಳೆಯ ಆಧಾರ ಬೇಕಿಲ್ಲ. ಪುರಾಣ ಹೇಳುವವರಿಗೆ, ಚರ್ಚಿನ ಬೋಧಕರಿಗೆ, ಮಸೀದಿಯಲ್ಲಿ ಅಜಾನ್ ಕೂಗುವವರಿಗೆ, ಪಾಠ ಮಾಡುವವರಿಗೆ ದನಿಯೇ ಜೀವನ ಎಂಬುದು ನಿಜ. ಅವರಲ್ಲಿ ಒಬ್ಬರು ಒಂದಿಷ್ಟು ಉಸಿರಿನ ಸುಖವನ್ನು ಬಿಟ್ಟುಕೊಟ್ಟು ದನಿಯನ್ನು ಉಳಿಸಿಕೊಳ್ಳುತ್ತೇನೆ ಎಂದರೆ ನಾನು ಅಡ್ಡಬರುವುದಿಲ್ಲ. ಆಹುತಿ ಕೊಡುವ ಅಧಿಕಾರ ಯಜಮಾನನದು, ಪುರೋಹಿತನದಲ್ಲ.

ಹಾಗಾದರೆ ದನಿಗಾಗಿ ಇಷ್ಟೆಲ್ಲ ಏಕೆ, ಮೌನವೇ ಶ್ರೇಷ್ಠವಲ್ಲವೇ ಎನ್ನುವವರೂ ಇದ್ದಾರೆ. ಬಾಯಿಬಿಟ್ಟು ಮಾಡುವ ಜಪಕ್ಕಿಂತ ತುಟಿಯೊಳಗಿನದು ಮೇಲು, ಅದಕ್ಕಿಂತ ಮಾನಸಜಪ ಮೇಲು ಎಂದು ಮನುಸ್ಮೃತಿಯೂ ಹೇಳುತ್ತದೆ. ಈ ಮಾತನ್ನು ರೋಗಿಯ ಮುಂದೆ ಆಡುವುದು ಅನ್ಯಾಯ. ಮೌನವ್ರತ ವ್ರತವಾಗುವುದು ನುಡಿಯಬಲ್ಲವನು ನುಡಿಯದಿರುವುದರಿಂದ. ನರ ಕತ್ತರಿಸಿದ್ದರಿಂದ ಬಂದ ಸದ್ದಿಲ್ಲದಿರುವಿಕೆಗೆ ಮೌನದ ಪುಣ್ಯವನ್ನು ಕಟ್ಟುವುದು ಉಪವಾಸದ ಫಲವನ್ನು ಹಸಿದವನಿಗೆ ಬೋಧಿಸಿದಂತೆ. ಕರ್ಮ, ವಿಧಿ ಎಂದು ಹೇಳಿ ಕೈಕಟ್ಟಿ ಕೂರಿಸುವವರಿಗೂ ಇದೇ ಉತ್ತರ ಸಾಕು.

ಈ ಶಸ್ತ್ರಚಿಕಿತ್ಸೆಗೆ ಹೊರಟವರಿಗೆ, ಅವರ ಮನೆಯವರಿಗೆ ನನ್ನ ಕೋರಿಕೆ ಇಷ್ಟೆ. ನರ ತಾನಾಗಿ ಚೇತರಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವರ್ಷದವರೆಗೂ ಅವಕಾಶವಿರುತ್ತದೆ. ಅಲ್ಲಿಯವರೆಗೆ ಕರಗಿಹೋಗುವಂಥ ತಾತ್ಕಾಲಿಕ ಚುಚ್ಚುಮದ್ದು ಸಾಕಾದೀತೇ ಎಂದು ಕೇಳಿ. ಒಳಗೆ ಇಡುವುದು ಯಾವ ವಸ್ತು, ಯಾವ ಪ್ರಾಣಿಯದು ಅಥವಾ ಯಾವ ಕಾರ್ಖಾನೆಯದು, ತೆಗೆಯಬೇಕಾದರೆ ತಂತುವಿಗೆ ಏಟಾಗದೆ ತೆಗೆಯಲು ಬರುತ್ತದೆಯೇ ಎಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಕೇಳಿ. ದನಿ ಮತ್ತು ಉಸಿರುಗಳಲ್ಲಿ ಒಂದನ್ನು ಕೊಂಚ ಬಿಡಬೇಕಾಗಿ ಬಂದರೆ ನಿಮಗೆ ಯಾವುದು ಮುಖ್ಯವೆಂದು ವೈದ್ಯರಿಗೆ ಮೊದಲೇ ಹೇಳಿ. ಇಟ್ಟ ತುಂಡಿನ ಹೆಸರು, ಅಳತೆ, ಇಟ್ಟ ತಾರೀಕು ಇರುವ ಕಾಗದವನ್ನು ಜೋಪಾನವಾಗಿಡಿ. ಮುಂದೆ ಅದನ್ನು ತೆಗೆಯುವ ಕೈ ಬೇರೆಯವರದಾಗಿರಬಹುದು.